ರಜೆಯ ಉತ್ತರ ಯಾರಿಗೆ ಸಲ್ಲಬೇಕು?

1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಅಶೋಕ ಶಾಸನವು ಕಿರಿಯರು ಹಿರಿಯರೆನ್ನದೆ ಸರ್ವರನ್ನೂ ಕುರಿತದ್ದು. ರಜೆಯಲ್ಲಿ ಶಾಲೆಯ ಇ-ಮೇಲ್ ತಾನಾಗಿ ಕಳುಹಿಸುವ ಉತ್ತರವು ಹಾಗಿರಲಾಗದು. ‘ಮುಖ್ಯೋಪಾಧ್ಯಾಯರು ಊರಲ್ಲಿಲ್ಲ’ ಎಂಬ ಮಾತು ಸಿಂಧನೂರಿನ ಪಾಲಕರಿಗೂ ಲಿಂಗಸುಗೂರಿನ ದಾನಿಗಳಿಗೂ ಉಪಕಾರಿ. ವಂಚಕನಿಗೆ ಅದೇ ಸುಳಿವು. ಅವನು ಅವರ ಹೆಸರಿನಲ್ಲಿ ಹಣ ಬೇಡಿದರೆ, ಸಂಶಯ ಪರಿಹರಿಸುವವರು ಕಚೇರಿಯಲ್ಲಿರುವುದಿಲ್ಲ.

ಇದಕ್ಕೆ ಜಿಮೇಲ್‌ನಲ್ಲಿ ಉಪಾಯವುಂಟು. ರಜಾ ಉತ್ತರದ ಏರ್ಪಾಡಿನಲ್ಲಿ, ಸಂಪರ್ಕ ಪಟ್ಟಿಯಲ್ಲಿರುವವರಿಗೆ ಮಾತ್ರ ಎಂಬ ಆಯ್ಕೆಯನ್ನು ಗುರುತು ಮಾಡತಕ್ಕದ್ದು. ಆದರೆ ಪಟ್ಟಿಯಲ್ಲಿಲ್ಲದ ಪಾಲಕರಿಗೆ ಆಗ ಉತ್ತರವೇ ಹೋಗದು. ಆದುದರಿಂದ ರಜೆಗೆ ಮುನ್ನವೇ ಪಾಲಕರ, ದಾನಿಗಳ, ಹಳೆಯ ವಿದ್ಯಾರ್ಥಿಗಳ ವಿಳಾಸಗಳನ್ನು ಪಟ್ಟಿಗೆ ಸೇರಿಸುವುದು ಅವಶ್ಯ. ಉತ್ತರದಲ್ಲಿ ಶಾಲೆ ತೆರೆಯುವ ದಿನವನ್ನೂ, ತುರ್ತಿಗೆ ಕಾಣಬೇಕಾದ ಶಿಕ್ಷಕರನ್ನೂ ತಿಳಿಸಬೇಕು. ಪಟ್ಟಿ ಸರಿಯಿದ್ದಲ್ಲಿ ಮಾತ್ರ ಮಿತಿಯು ಹಿತಕರ.