ಪದೇ ಪದೇ ಸ್ಥಗಿತಗೊಳ್ಳುವ ಗಣಕಯಂತ್ರ: ದೋಷ ಪತ್ತೆಯ ಕ್ರಮ

ಸಣ್ಣ ವರ್ತಕರು ಹಾಗೂ ಕಿರು ಉದ್ಯಮಿಗಳಲ್ಲಿ ಅನೇಕರು ಹಗಲು ಅಂಗಡಿಯಲ್ಲಿ ವ್ಯವಹಾರ ನಡೆಸಿ, ರಾತ್ರಿ ಮನೆಯ ಗಣಕಯಂತ್ರದಲ್ಲಿ ಲೆಕ್ಕ ಬರೆಯುತ್ತಾರೆ. ಮಕ್ಕಳ ಓದಿಗೂ ಅದೇ ಯಂತ್ರ, ಜಿಎಸ್‌ಟಿ ನಮೂನೆಗಳಿಗೂ ಅದೇ ಯಂತ್ರ. ಕೆಲಸದ ನಡುವೆ ಅದು ಒಮ್ಮೆ ಆರಿಹೋದರೆ ಆಕಸ್ಮಿಕವೆನ್ನಬಹುದು. ವಾರಕ್ಕೆ ಮೂರು ಬಾರಿ ಆರಿಹೋದರೆ ವ್ಯವಹಾರಕ್ಕೇ ಅಪಾಯ. ತೆರಿಗೆ ಬಾಕಿಯಿರುವ ಜಿಎಸ್‌ಟಿಆರ್-3ಬಿ ನಮೂನೆ ತಡವಾದರೆ ದಿನಕ್ಕೆ 50 ರೂ. ವಿಳಂಬ ಶುಲ್ಕವನ್ನೂ, ತಡವಾದ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿಯನ್ನೂ ತೆರಬೇಕಾಗುತ್ತದೆ. ಅಲ್ಲದೆ, 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನ ಪ್ರಕಾರ, ಆಯಾ ವರ್ಷದ ವಾರ್ಷಿಕ ನಮೂನೆಯ ಗಡುವಿನಿಂದ 72 ತಿಂಗಳ ಕಾಲ ಲೆಕ್ಕಪತ್ರಗಳನ್ನು ಕಾಪಾಡಿಕೊಳ್ಳುವ ಹೊಣೆ ವರ್ತಕರದೇ.

ಒಂದು ಸಂದರ್ಭ

ಧಾನ್ಯ ವರ್ತಕರೊಬ್ಬರ ಮನೆಯ ಗಣಕಯಂತ್ರ ಸಂಜೆಯ ಹೊತ್ತು ಇದ್ದಕ್ಕಿದ್ದಂತೆ ಆರಿಹೋಗುತ್ತಿತ್ತೆಂದು ಭಾವಿಸೋಣ. ದುರಸ್ತಿಯವರು ವೈರಸ್ ಇರಬಹುದೆಂದು ಊಹಿಸಿ ಯಂತ್ರವನ್ನು ಫಾರ್ಮ್ಯಾಟ್ ಮಾಡಿದರು. ಲೆಕ್ಕದ ಕಡತಗಳು ಅದೇ ಡಿಸ್ಕಿನಲ್ಲಿದ್ದುದರಿಂದ ಎರಡು ತಿಂಗಳ ವೋಚರುಗಳು ಅಳಿಸಿಹೋದವು. ಮರುವಾರವೇ ಯಂತ್ರ ಮತ್ತೆ ಆರಿತು. ಆಮೇಲೆ ವೇಳೆಯನ್ನು ಬರೆದಿಟ್ಟು ನೋಡಿದಾಗ, ಬೀದಿಯ ವಿದ್ಯುತ್ ಕ್ಷಣಕಾಲ ಹೋಗಿ ಬಂದಾಗಲೆಲ್ಲ ಯಂತ್ರ ಆರುತ್ತಿತ್ತೆಂಬುದು ತಿಳಿಯಿತು. ಯುಪಿಎಸ್‌ನ ಬ್ಯಾಟರಿ ಸತ್ವ ಕಳೆದುಕೊಂಡಿತ್ತು. ಬ್ಯಾಟರಿ ಬದಲಾಯಿಸಿದೊಡನೆ ತೊಂದರೆ ನಿಂತಿತು. ಅಳಿದ ವೋಚರುಗಳನ್ನು ಮಾತ್ರ ಬಿಲ್ಲುಗಳಿಂದ ಹೊಸದಾಗಿ ಬರೆಯಬೇಕಾಯಿತು.

ತಾಳೆಪಟ್ಟಿಯ ನ್ಯಾಯ

ತಾಳೆಪಟ್ಟಿ ಕೂಡಿಬರದಿದ್ದಾಗ ಅನುಭವಿ ಗುಮಾಸ್ತರು ಪುಸ್ತಕಗಳನ್ನೆಲ್ಲ ಹೊಸದಾಗಿ ಬರೆಯುವುದಿಲ್ಲ. ವ್ಯತ್ಯಾಸದ ಮೊತ್ತವನ್ನು ಮೊದಲು ನೋಡುತ್ತಾರೆ. ಅದು 9ರಿಂದ ಭಾಗವಾದರೆ ಅಂಕಿಗಳು ಅದಲುಬದಲಾಗಿರಬಹುದೆಂದು ಶಂಕಿಸುತ್ತಾರೆ. ದೋಷದ ಸ್ವರೂಪವೇ ಅದರ ಮೂಲವನ್ನು ಸೂಚಿಸುತ್ತದೆ. ಗಣಕಯಂತ್ರಕ್ಕೂ ಇದೇ ನ್ಯಾಯ ಅನ್ವಯಿಸುತ್ತದೆ.

ಅನುಸರಿಸಬೇಕಾದ ಕ್ರಮ

1. ಮೊದಲು ನಕಲು, ಆಮೇಲೆ ಪರೀಕ್ಷೆ: ಲೆಕ್ಕದ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ಮತ್ತೊಂದು ಯಂತ್ರದಲ್ಲಿ ಅವು ತೆರೆಯುತ್ತವೆಯೇ ಎಂದು ನೋಡತಕ್ಕದ್ದು. ಡಿಸ್ಕೇ ಸವೆದಿದ್ದರೆ, ನಕಲು ಮಾಡುವ ಮುನ್ನ ಡಿಸ್ಕ್ ದುರಸ್ತಿಯ ಆಜ್ಞೆ ನಡೆಸುವುದರಿಂದ ಉಳಿದ ದತ್ತಾಂಶವೂ ಹೋಗುವ ಸಂಭವವುಂಟು.

2. ದಿನಚರಿ: ದಿನಾಂಕ, ವೇಳೆ, ಆಗ ನಡೆಯುತ್ತಿದ್ದ ಕೆಲಸ, ಪರದೆಯ ಮೇಲೆ ಕಂಡ ಸಂಕೇತ ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆಯಬೇಕು. ಯಂತ್ರ ಒಮ್ಮೆಲೇ ಆರಿತೇ, ಚಿತ್ರ ಹಾಗೆಯೇ ನಿಂತುಬಿಟ್ಟಿತೇ, ಅಥವಾ ದೋಷ ಸಂದೇಶದ ಪರದೆ ಮೂಡಿತೇ ಎಂಬ ಭೇದ ಬಹಳ ಮುಖ್ಯ. ಈ ಪರದೆ ಬಹುಕಾಲ ನೀಲಿಯಾಗಿತ್ತು. 2025ರಿಂದ ವಿಂಡೋಸ್ 11ರಲ್ಲಿ ಅದು ಕಪ್ಪಾಗಿದೆ.

3. ಯಂತ್ರದ ಸ್ವಂತ ದಾಖಲೆ: ವಿಂಡೋಸ್‌ನ ‘ಈವೆಂಟ್ ವ್ಯೂವರ್’ ಘಟನೆಗಳನ್ನು ವೇಳೆಯೊಡನೆ ದಾಖಲಿಸುತ್ತದೆ. ‘ಕರ್ನಲ್-ಪವರ್ 41’ ಎಂಬ ನಮೂದು ಕಂಡರೆ ಅದನ್ನೇ ಕಾರಣವೆಂದು ತಿಳಿಯಬಾರದು. ಯಂತ್ರ ಕ್ರಮಬದ್ಧವಾಗಿ ಮುಚ್ಚದೆ ಮತ್ತೆ ಆರಂಭವಾಯಿತೆಂದಷ್ಟೇ ಅದರ ಅರ್ಥ. ಅದರೊಡನೆ ‘ಬಗ್‌ಚೆಕ್’ ನಮೂದೂ ಇದ್ದರೆ ಚಾಲಕ ತಂತ್ರಾಂಶ, ಮೆಮೊರಿ ಅಥವಾ ಇತರ ಯಂತ್ರಭಾಗಗಳ ಕಡೆಗೆ ನೋಡಬೇಕು. ಇಲ್ಲವಾದರೆ ಮೊದಲ ಶಂಕೆ ವಿದ್ಯುತ್ತಿನ ಮೇಲೆ ಅಥವಾ ಶಾಖದ ಮೇಲೆ.

4. ಶಾಖ: ಯಂತ್ರ ಬಹಳ ಹೊತ್ತು ನಡೆದ ಮೇಲೆ ಅಥವಾ ಭಾರಿ ಕೆಲಸ ಮಾಡುವಾಗ ಮಾತ್ರ ಆರಿದರೆ ಶಾಖ ಕಾರಣವಿರಬಹುದು. ಹಿಟ್ಟಿನ ಗಿರಣಿ, ಮರದ ಕಾರ್ಖಾನೆಗಳ ಬಳಿ ಇರುವ ಮನೆಗಳಲ್ಲಿ ಧೂಳು ಬೇಗ ತುಂಬುತ್ತದೆ. ಸಂಪರ್ಕ ಕಳಚಿ ಧೂಳು ತೆಗೆದು, ಫ್ಯಾನುಗಳು ತಿರುಗುತ್ತವೆಯೇ ಎಂದು ನೋಡಬೇಕು. ಹಳೆಯ ಯಂತ್ರದಲ್ಲಿ ಪ್ರೊಸೆಸರ್ ಮೇಲಿನ ಶಾಖವಾಹಕ ಲೇಪ ಒಣಗಿರಬಹುದು.

5. ವಿದ್ಯುತ್ತು: ಯುಪಿಎಸ್ ಬ್ಯಾಟರಿ, ಭೂಸಂಪರ್ಕ, ಎಸ್‌ಎಂಪಿಎಸ್ ಇವನ್ನು ತಿಳಿದವರಿಂದ ಪರೀಕ್ಷಿಸಬೇಕು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚಕೂಡದು. ಸಂಪರ್ಕ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ.

6. ಮೆಮೊರಿ ಮತ್ತು ಡಿಸ್ಕು: ಪ್ರತಿ ಬಾರಿಯೂ ಬೇರೆ ಬೇರೆ ದೋಷ ಸಂಕೇತಗಳು ಕಂಡರೆ ಮೆಮೊರಿ ಶಂಕಾಸ್ಪದ. ವಿಂಡೋಸ್‌ನಲ್ಲಿಯೇ ಇರುವ ಮೆಮೊರಿ ಪರೀಕ್ಷೆಯನ್ನು ರಾತ್ರಿ ನಡೆಸಬಹುದು. ಎರಡು ರ‍್ಯಾಮ್ ಪಟ್ಟಿಗಳಿದ್ದರೆ ಒಂದೊಂದನ್ನೇ ಇಟ್ಟು ನೋಡಬೇಕು. ಕಡತ ತೆರೆಯಲು ವಿಪರೀತ ವಿಳಂಬವಾಗುತ್ತಿದ್ದರೆ ಡಿಸ್ಕಿನ ‘ಸ್ಮಾರ್ಟ್’ ವರದಿಯನ್ನು ಪರಿಶೀಲಿಸಬೇಕು.

7. ತಂತ್ರಾಂಶ: ಹೊಸ ಮುದ್ರಣಯಂತ್ರ, ಹೊಸ ಚಾಲಕ ತಂತ್ರಾಂಶ ಅಥವಾ ಪರಿಷ್ಕರಣೆಯ ಬಳಿಕ ತೊಂದರೆ ಆರಂಭವಾಗಿದ್ದರೆ ಅದನ್ನು ಹಿಂದಿನ ಸ್ಥಿತಿಗೆ ತರಬೇಕು. ‘ಸೇಫ್ ಮೋಡ್’ನಲ್ಲಿ ಯಂತ್ರ ಸರಿಯಾಗಿ ನಡೆದರೆ ದೋಷ ಬಹುಶಃ ತಂತ್ರಾಂಶದ್ದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶದ ಒಂದು ದೋಷಯುಕ್ತ ಕಡತದಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಸ್ಥಗಿತಗೊಂಡವು. ಯಂತ್ರಭಾಗಗಳಲ್ಲಿ ಯಾವ ದೋಷವೂ ಇರಲಿಲ್ಲ. ಅನೇಕ ಕಡೆ ಸೇಫ್ ಮೋಡ್‌ನಲ್ಲಿ ಆ ಕಡತವನ್ನು ಅಳಿಸಿದ ಮೇಲೆ ಯಂತ್ರಗಳು ಮೊದಲಿನಂತೆ ನಡೆದವು.

ಒಂದು ಬಾರಿಗೆ ಒಂದೇ ಬದಲಾವಣೆ

ಬ್ಯಾಟರಿ, ಮೆಮೊರಿ, ತಂತ್ರಾಂಶ ಮೂರನ್ನೂ ಒಂದೇ ದಿನ ಬದಲಾಯಿಸಿದರೆ ತೊಂದರೆ ನಿಂತರೂ ಕಾರಣ ತಿಳಿಯುವುದಿಲ್ಲ. ಅನವಶ್ಯಕ ವೆಚ್ಚವೂ ಆಗುತ್ತದೆ. ಒಂದನ್ನು ಬದಲಿಸಿ, ಕೆಲವು ದಿನ ಕಾದು, ದಿನಚರಿಯಲ್ಲಿ ಫಲಿತಾಂಶ ಬರೆದು ಮುಂದುವರಿಯುವುದು ಲೇಸು. ಫಾರ್ಮ್ಯಾಟ್ ಕೊನೆಯ ಉಪಾಯವೇ ಹೊರತು ಮೊದಲನೆಯದಲ್ಲ.

ದುರಸ್ತಿಯೋ ಖರೀದಿಯೋ ಎಂದು ನಿರ್ಧರಿಸುವಾಗ ಯಂತ್ರದ ವಯಸ್ಸನ್ನೂ ಗಮನಿಸಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ವಿಂಡೋಸ್ 11ಕ್ಕೆ ಅರ್ಹವಲ್ಲದ ಹಳೆಯ ಯಂತ್ರಕ್ಕೆ ದೊಡ್ಡ ಮೊತ್ತ ವ್ಯಯಿಸುವುದು ವಿವೇಕವೆನಿಸದು.

ಪ್ರತಿದಿನ ಸಂಜೆ ಗಲ್ಲಾಪೆಟ್ಟಿಗೆಯ ಹಣ ಎಣಿಸದೆ ಯಾವ ವರ್ತಕರೂ ಬಾಗಿಲು ಹಾಕುವುದಿಲ್ಲ. ಅದೇ ಸಂಜೆ ಲೆಕ್ಕದ ನಕಲು ತೆಗೆಯುವುದನ್ನೂ ರೂಢಿಸಿಕೊಂಡರೆ, ಗಣಕಯಂತ್ರ ಕೆಟ್ಟ ದಿನ ನಷ್ಟ ದುರಸ್ತಿಯ ವೆಚ್ಚಕ್ಕಷ್ಟೇ ಸೀಮಿತವಾಗುತ್ತದೆ.