ಪುಣ್ಯಾಶ್ರಮದ ವಿದ್ಯಾದಾನ

ಹಸಿದವನಿಗೆ ಅನ್ನವಿಕ್ಕುವುದು ಪುಣ್ಯದ ಕೆಲಸವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಇಂದು ಉಂಡವನಿಗೆ ನಾಳೆ ಮತ್ತೆ ಹಸಿವಾಗುತ್ತದೆ. ಅವನು ಮತ್ತೊಬ್ಬರ ಬಾಗಿಲಿಗೆ ಹೋಗಿ ನಿಲ್ಲಬೇಕಾಗುತ್ತದೆ. ತನ್ನ ಅನ್ನವನ್ನು ತಾನೇ ಗಳಿಸಿಕೊಳ್ಳುವ ವಿದ್ಯೆಯನ್ನು ಕಲಿಸಿದರೆ ಅವನು ಬಾಳಿನುದ್ದಕ್ಕೂ ತಲೆಯೆತ್ತಿ ನಡೆಯಬಲ್ಲನು. ಈ ಮಾತನ್ನು ಬೋಧಿಸುವುದು ಸುಲಭ, ಆಚರಣೆಗೆ ತರುವುದು ಕಷ್ಟ. ಅದನ್ನು ಆಚರಣೆಗೆ ತಂದು ತೋರಿಸಿದ ಸಂಸ್ಥೆಗಳಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮವು ಹಿರಿಯ ಸ್ಥಾನವನ್ನು ಪಡೆದಿದೆ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಇವು ಬಯಲು ಸೀಮೆಯ ಊರುಗಳು. ಇಲ್ಲಿ ಮಳೆಯನ್ನು ನಂಬುವಂತಿಲ್ಲ. ಮಳೆ ಬಂದರೆ ಬೆಳೆ, ಬಾರದಿದ್ದರೆ ಬರ. ಹಿಂದಿನ ಕಾಲದಲ್ಲಿ ಈ ನಾಡಿನ ಮಕ್ಕಳು ತಮ್ಮ ಕಸುಬನ್ನು ಶಾಲೆಯಲ್ಲಿ ಕಲಿಯುತ್ತಿರಲಿಲ್ಲ. ತಂದೆಯ ಬಳಿ ಕುಳಿತು ಕಣ್ಣಿನಿಂದ ಕಲಿಯುತ್ತಿದ್ದರು. ಬೆಟಗೇರಿಯ ನೇಕಾರನ ಮಗನು ಮಗ್ಗದ ಮೇಲೆ ಲಾಳಿ ಓಡುವುದನ್ನು ನೋಡಿ ನೇಯ್ಗೆಯನ್ನು ಕಲಿತನು. ಕಮ್ಮಾರನ ಮಗನು ಕಾದ ಕಬ್ಬಿಣದ ಬಣ್ಣವನ್ನು ನೋಡಿ ಸುತ್ತಿಗೆಯ ಪೆಟ್ಟಿನ ಹದವನ್ನು ತಿಳಿದನು. ಒಕ್ಕಲಿಗನ ಮಗನು ತಂದೆಯ ಹಿಂದೆ ನಡೆದು ನೇಗಿಲ ಸಾಲನ್ನು ಅರಿತನು. ಹೀಗೆ ಎಲ್ಲ ಕಸುಬುಗಳಿಗೂ ಕಣ್ಣೇ ಬಾಗಿಲಾಗಿದ್ದಾಗ, ಕಣ್ಣಿಲ್ಲದ ಮಗುವಿನ ಗತಿಯೇನು?

ಅಂಥ ಮಕ್ಕಳು ಆಗ ವಿರಳವಾಗಿರಲಿಲ್ಲ. ಸಿಡುಬು ಅನೇಕ ಮಕ್ಕಳ ಪ್ರಾಣವನ್ನು ಕಸಿದುಕೊಂಡಂತೆ ಹಲವರ ಕಣ್ಣುಗಳನ್ನೂ ಕಸಿದುಕೊಂಡಿತು. ಭಾರತವು ಸಿಡುಬಿನಿಂದ ಮುಕ್ತವಾಯಿತೆಂಬ ಘೋಷಣೆ ಹೊರಬಿದ್ದುದು 1977ರಲ್ಲಿ. ಬರಗಾಲದಲ್ಲಿ ಪೌಷ್ಟಿಕ ಆಹಾರವಿಲ್ಲದೆಯೂ, ಮದ್ದಿಲ್ಲದ ಕಣ್ಣುಬೇನೆಯಿಂದಲೂ ದೃಷ್ಟಿಯನ್ನು ಕಳೆದುಕೊಂಡವರಿದ್ದರು. ತಂದೆತಾಯಿಗಳಿರುವವರೆಗೆ ಅಂಥ ಮಗುವಿಗೆ ಒಂದು ಮೂಲೆ, ಒಂದು ರೊಟ್ಟಿ ದೊರೆಯುತ್ತಿತ್ತು. ಅವರು ತೀರಿಕೊಂಡ ಮೇಲೆ ಗುಡಿಯ ಕಟ್ಟೆಯೂ ಭಿಕ್ಷೆಯ ತಟ್ಟೆಯುಾ ಅದರ ಪಾಲಿಗೆ ಉಳಿಯುತ್ತಿದ್ದವು.

ಈ ದುಃಖವನ್ನು ಸ್ವತಃ ಬಲ್ಲವರೇ ಅದಕ್ಕೆ ಪರಿಹಾರವನ್ನು ಕಂಡುಹಿಡಿದರು. ಈಗಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗದಿಗೆಯ್ಯನೆಂಬ ಬಾಲಕನು ಜನಿಸಿದನು. ಅವನಿಗೂ ಅವನ ಸಹೋದರ ಗುರುಬಸಯ್ಯನಿಗೂ ದೃಷ್ಟಿಯಿರಲಿಲ್ಲ. ಆದರೆ ಇಬ್ಬರಿಗೂ ಇಂಪಾದ ಕಂಠವಿತ್ತು. ಶಿವಯೋಗಮಂದಿರದ ಸ್ಥಾಪಕರಾದ ಹಾನಗಲ್ಲ ಕುಮಾರಸ್ವಾಮಿಗಳು ಆ ಕಂಠದ ಬೆಲೆಯನ್ನು ಅರಿತು, ಸಹೋದರರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಸಂಗೀತ ಶಿಕ್ಷಣಕ್ಕೆ ಏರ್ಪಾಡು ಮಾಡಿದರು. ಗುರುಬಸಯ್ಯನು ಅಕಾಲದಲ್ಲಿ ತೀರಿಕೊಂಡನು. ಗದಿಗೆಯ್ಯನು ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿ, ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಿಂದ ಹಿಂದುಸ್ತಾನಿ ಸಂಗೀತವನ್ನು ಪಡೆದು, ಎರಡು ಪದ್ಧತಿಗಳಲ್ಲಿಯೂ ಪ್ರಭುತ್ವವನ್ನು ಗಳಿಸಿದನು. ಅವರೇ ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳೆಂದು ನಾಡಿಗೆ ಪರಿಚಿತರಾದರು.

ಅಷ್ಟು ವಿದ್ಯೆಯನ್ನು ಪಡೆದವರು ಆಸ್ಥಾನಗಳಲ್ಲಿ ಹಾಡಿ ಸುಖವಾಗಿ ಬಾಳಬಹುದಾಗಿತ್ತು. ಗವಾಯಿಗಳು ಆ ದಾರಿಯನ್ನು ಹಿಡಿಯಲಿಲ್ಲ. ತಾನು ಪಡೆದ ವಿದ್ಯೆ ತನ್ನಂಥವರಿಗೆ ಸಲ್ಲಬೇಕೆಂದು ಅವರು ನಿಶ್ಚಯಿಸಿದರು. ಅಂಧರು, ಅನಾಥರು, ಕಡುಬಡವರ ಮಕ್ಕಳು ಅವರ ಶಿಷ್ಯರಾದರು. ಜಾತಿಮತಗಳನ್ನು ಅಲ್ಲಿ ಕೇಳಲಿಲ್ಲ; ಶುಲ್ಕವನ್ನೂ ಕೇಳಲಿಲ್ಲ. ಮೊದಲಿಗೆ ಆ ಶಾಲೆಗೆ ನೆಲೆಯಿರಲಿಲ್ಲ. ಗುರುಗಳು ಶಿಷ್ಯರನ್ನು ಕರೆದುಕೊಂಡು ಊರಿಂದ ಊರಿಗೆ ಸಂಚರಿಸುತ್ತಿದ್ದರು. ಊರಿನ ಜನರು ಕೊಟ್ಟ ಜೋಳದಿಂದ ಊಟವಾಗುತ್ತಿತ್ತು. ಮಠವೋ ಗುಡಿಯೋ ಪಾಠಶಾಲೆಯಾಗುತ್ತಿತ್ತು. ಬಳಿಕ ಗದುಗಿನ ದಾನಿಗಳಾದ ಬಸರಿಗಿಡದ ವೀರಪ್ಪನವರ ನೆರವಿನಿಂದ ಆ ಸಂಚಾರಿ ಶಾಲೆಗೆ ಗದುಗಿನಲ್ಲಿ ನೆಲೆ ದೊರೆಯಿತು. ದಾನಿಗಳ ಹೆಸರನ್ನು ನೆನಪಿಸುವಂತೆ ಅದು ವೀರೇಶ್ವರ ಪುಣ್ಯಾಶ್ರಮವೆನಿಸಿತು.

1944ರಲ್ಲಿ ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದರು. ಇಂಥ ಸಂಸ್ಥೆಗಳು ಅನೇಕ ಸಲ ಸ್ಥಾಪಕರೊಡನೆಯೇ ಮುಗಿದುಹೋಗುತ್ತವೆ. ಪುಣ್ಯಾಶ್ರಮವು ಮುಗಿಯಲಿಲ್ಲ. ಏಕೆಂದರೆ ಗುರುಗಳು ಕಟ್ಟಡಕ್ಕಿಂತ ಮೊದಲು ಶಿಷ್ಯರನ್ನು ಕಟ್ಟಿದ್ದರು. ಹಾನಗಲ್ಲ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ, ಎಳವೆಯಲ್ಲಿಯೇ ತಂದೆತಾಯಿಗಳನ್ನೂ ದೃಷ್ಟಿಯನ್ನೂ ಕಳೆದುಕೊಂಡು, ಸೋದರಮಾವನ ಆಸರೆಯಲ್ಲಿ ಬೆಳೆದ ಪುಟ್ಟರಾಜ ಗವಾಯಿಗಳು ಗುರುವಿನ ಭಾರವನ್ನು ಹೊತ್ತರು. ಮಾವನ ಹಾರ್ಮೋನಿಯಂ ಮೇಲೆ ಬೆರಳಾಡಿಸುತ್ತಿದ್ದ ಬಾಲಕನು ಪಂಚಾಕ್ಷರ ಗವಾಯಿಗಳ ಬಳಿಗೆ ಬಂದು, ಗಾಯನದೊಡನೆ ಹಾರ್ಮೋನಿಯಂ, ತಬಲಾ, ಪಿಟೀಲು ಮೊದಲಾದ ವಾದ್ಯಗಳನ್ನೂ ಕಲಿತಿದ್ದನು. ಕರ್ನಾಟಕ ಸಂಗೀತದಲ್ಲಿ ಮುಂಡರಗಿ ರಾಘವೇಂದ್ರಾಚಾರ್ಯರ ಮಾರ್ಗದರ್ಶನವೂ ಅವರಿಗೆ ದೊರೆತಿತ್ತು.

ನೂರಾರು ಮಕ್ಕಳಿಗೆ ನಿತ್ಯವೂ ಅನ್ನವನ್ನು ಎಲ್ಲಿಂದ ತರುವುದು? ಈ ಪ್ರಶ್ನೆಗೂ ಆಶ್ರಮವು ಕಲೆಯಿಂದಲೇ ಉತ್ತರ ಕೊಟ್ಟಿತು. ಆಶ್ರಮದ ಪರವಾಗಿ ನಾಟಕ ಸಂಘವೊಂದು ಊರೂರು ಸಂಚರಿಸಿತು. ಪುಟ್ಟರಾಜ ಗವಾಯಿಗಳು ನಾಟಕಗಳನ್ನು ರಚಿಸಿದರು, ಹಾಡುಗಳಿಗೆ ರಾಗವನ್ನು ಹೊಂದಿಸಿದರು. ಟಿಕೇಟಿನಿಂದ ಬಂದ ಹಣ ಆಶ್ರಮದ ಒಲೆಯನ್ನು ಉರಿಸಿತು. ಜನರೂ ಹಿಂದುಳಿಯಲಿಲ್ಲ. ಸುಗ್ಗಿಯಲ್ಲಿ ರೈತರು ಕಾಳುಕಡಿಯನ್ನು ಕೊಟ್ಟರು. ಭಕ್ತರು ಊರೂರುಗಳಲ್ಲಿ ಗವಾಯಿಗಳ ತುಲಾಭಾರವನ್ನು ನೆರವೇರಿಸಿದರು. ತಕ್ಕಡಿಯ ಒಂದು ತಟ್ಟೆಯಲ್ಲಿ ಗುರುಗಳು ಕುಳಿತರೆ, ಇನ್ನೊಂದು ತಟ್ಟೆಗೆ ಬಿದ್ದ ನಾಣ್ಯವೆಲ್ಲ ಆಶ್ರಮದ ಮಕ್ಕಳ ಪಾಲಾಯಿತು. ಹೀಗೆ ಆ ಸಂಸ್ಥೆ ಒಬ್ಬರ ಆಸ್ತಿಯಾಗದೆ ಇಡೀ ಸೀಮೆಯ ಜನರ ಸಂಸ್ಥೆಯಾಗಿ ಬೆಳೆಯಿತು.

ಕಣ್ಣಿಲ್ಲದ ಮಗು ಸಂಗೀತವನ್ನು ಕಲಿಯುವ ಕ್ರಮವು ತಿಳಿಯತಕ್ಕದ್ದಾಗಿದೆ. ಹಾರ್ಮೋನಿಯಂ ಕಲಿಯುವ ಮಗು ಮೊದಲು ಕರಿಯ ಮನೆಗಳನ್ನು ತಡವಿ ನೋಡುತ್ತದೆ. ಅವು ಒಂದೆಡೆ ಎರಡು, ಮತ್ತೊಂದೆಡೆ ಮೂರು ಹೀಗೆ ಗುಂಪಾಗಿರುತ್ತವೆ. ಆ ಗುರುತನ್ನು ಹಿಡಿದು ಬೆರಳು ಷಡ್ಜದ ಮನೆಯನ್ನು ಸೇರುತ್ತದೆ. ತಬಲಾ ಕಲಿಯುವವನು ಬೋಲುಗಳನ್ನು ಮೊದಲು ಬಾಯಲ್ಲಿ ನುಡಿದು, ಆಮೇಲೆ ಕೈಯಲ್ಲಿ ನುಡಿಸುತ್ತಾನೆ. ತೀನ್ ತಾಲದ ಹದಿನಾರು ಮಾತ್ರೆಗಳು ಅವನಿಗೆ ಬರೆದಿಟ್ಟ ಅಂಕಿಗಳಲ್ಲ. ಉಸಿರಿನೊಡನೆ ಬೆರೆತ ಲೆಕ್ಕ. ವಾದ್ಯದ ಶ್ರುತಿ ಇಳಿದರೆ ಸಣ್ಣ ಸುತ್ತಿಗೆಯಿಂದ ಅಂಚನ್ನು ಬಡಿದು, ಕಿವಿಯನ್ನೇ ಪ್ರಮಾಣವಾಗಿಟ್ಟುಕೊಂಡು ಸರಿಪಡಿಸಬೇಕು. ಹಾಡುವವನು ಗುರುವಿನ ಸ್ವರವನ್ನು ಕೇಳುತ್ತಾನೆ, ಹಾಡುತ್ತಾನೆ, ತಿದ್ದಿಸಿಕೊಳ್ಳುತ್ತಾನೆ, ಮತ್ತೆ ಹಾಡುತ್ತಾನೆ. ವರ್ಷಗಟ್ಟಲೆ ಈ ಸಾಧನೆ ನಡೆಯಬೇಕು. ಇಲ್ಲಿ ಕನಿಕರಕ್ಕೆ ಎಡೆಯಿಲ್ಲ. ಅಪಸ್ವರವನ್ನು ಹಾಡಿದವನು ಅಂಧನಾದರೂ ಅದು ಅಪಸ್ವರವೇ. ಕಣ್ಣಿದ್ದವನಿಗೆ ಇರುವ ಅಳತೆಗೋಲೇ ಅವನಿಗೂ ಇರುವುದರಿಂದ, ಗಳಿಸಿದ ವಿದ್ಯೆಯ ಗೌರವವೂ ಅಷ್ಟೇ ಪೂರ್ಣವಾಗಿರುತ್ತದೆ.

ಇಂಥ ಪ್ರಯತ್ನ ಹೊರದೇಶಗಳಲ್ಲಿಯೂ ನಡೆದಿದೆ. ಫ್ರಾನ್ಸಿನ ವ್ಯಾಲೆಂಟಿನ್ ಹಾಯ್ ಎಂಬವರು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸ್ ನಗರದಲ್ಲಿ ಅಂಧ ಮಕ್ಕಳಿಗಾಗಿ ಶಾಲೆಯನ್ನು ತೆರೆದು, ಓದಿನೊಡನೆ ಸಂಗೀತವನ್ನೂ ಕೈಕಸುಬುಗಳನ್ನೂ ಕಲಿಸಿದರು. ತಂದೆಯ ಚರ್ಮಗೆಲಸದ ಅಂಗಡಿಯಲ್ಲಿ ಹರಿತವಾದ ಉಪಕರಣ ತಾಗಿ ದೃಷ್ಟಿಯನ್ನು ಕಳೆದುಕೊಂಡ ಲೂಯಿ ಬ್ರೈಲ್ ಆ ಶಾಲೆಯ ವಿದ್ಯಾರ್ಥಿ. ಉಬ್ಬಿದ ಚುಕ್ಕೆಗಳ ಲಿಪಿಯನ್ನು ರೂಪಿಸಿದ ಅವರು ಚರ್ಚುಗಳಲ್ಲಿ ಆರ್ಗನ್ ನುಡಿಸಿ ಸಂಪಾದಿಸುತ್ತಿದ್ದರೆಂಬುದನ್ನು ಇಲ್ಲಿ ನೆನೆಯಬಹುದು. ಪುಟ್ಟರಾಜ ಗವಾಯಿಗಳು ಭಗವದ್ಗೀತೆಯನ್ನು ಅದೇ ಬ್ರೈಲ್ ಲಿಪಿಗೆ ಇಳಿಸಿದರು. ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಅವರು ಕೃತಿಗಳನ್ನು ರಚಿಸಿದ್ದಾರೆ.

ಆಶ್ರಮದಿಂದ ಹೊರಬಂದವರಲ್ಲಿ ಕೆಲವರ ಹೆಸರು ದೇಶದಲ್ಲೆಲ್ಲ ಹರಡಿತು. ಬಸವರಾಜ ರಾಜಗುರು ಅವರು ಪಂಚಾಕ್ಷರ ಗವಾಯಿಗಳ ಶಿಷ್ಯರು. ಬೆಟಗೇರಿಯ ಅರ್ಜುನಸಾ ನಾಕೋಡ ಅವರೂ ಅದೇ ಗುರುವಿನ ಬಳಿ ಕಲಿತರು. ಬಳ್ಳಾರಿ ಸೀಮೆಯ ಬಡ ಜಾನಪದ ಕಲಾವಿದರ ಮನೆಯಿಂದ ಬಾಲ್ಯದಲ್ಲಿಯೇ ಬಂದು, ಪುಟ್ಟರಾಜ ಗವಾಯಿಗಳ ಬಳಿ ಹಲವು ವರ್ಷ ಕಲಿತ ವೆಂಕಟೇಶಕುಮಾರ ಅವರು ಧಾರವಾಡದಲ್ಲಿ ಸಂಗೀತದ ಅಧ್ಯಾಪಕರಾದರು. 2016ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಗುರುಗಳಾದ ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ಲಿಂಗೈಕ್ಯರಾದರು.

ಆದರೆ ಪುಣ್ಯಾಶ್ರಮದ ಹಿರಿಮೆಯನ್ನು ಪ್ರಶಸ್ತಿಗಳಿಂದ ಅಳೆಯುವುದು ಸರಿಯಲ್ಲ. ಅಲ್ಲಿ ಕಲಿತ ಎಲ್ಲರೂ ಪ್ರಸಿದ್ಧರಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಶ್ರಾವಣ ಮಾಸ ಬಂದರೆ ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಸುತ್ತಲಿನ ಹಳ್ಳಿಗಳಲ್ಲಿ ಪುರಾಣ ಪ್ರವಚನಗಳು ಆರಂಭವಾಗುತ್ತವೆ. ಪ್ರವಚನಕಾರರೊಡನೆ ಒಬ್ಬ ಗಾಯಕ, ಒಬ್ಬ ತಬಲಾ ವಾದಕ ಬೇಕು. ಜಾತ್ರೆಗೆ ಕೀರ್ತನಕಾರರು ಬೇಕು. ನಾಟಕಕ್ಕೆ ಹಾರ್ಮೋನಿಯಂ ಮಾಸ್ತರರು ಬೇಕು. ಶಾಲೆಗೆ ಸಂಗೀತ ಶಿಕ್ಷಕರು ಬೇಕು. ಈ ಎಲ್ಲ ಸ್ಥಾನಗಳಲ್ಲಿ ಆಶ್ರಮದ ಶಿಷ್ಯರು ದುಡಿದಿದ್ದಾರೆ. ತಮ್ಮ ದುಡಿಮೆಯಿಂದ ಮನೆ ಮಾಡಿ, ಮಕ್ಕಳನ್ನು ಓದಿಸಿ, ಮುಪ್ಪಿನ ತಂದೆತಾಯಿಗಳನ್ನು ಸಾಕಿದವರೂ ಅವರಲ್ಲಿದ್ದಾರೆ. ಮನೆಗೆ ಭಾರವೆನಿಸಿದ್ದ ಮಗುವೇ ಮನೆಯ ಆಧಾರವಾದುದಕ್ಕಿಂತ ದೊಡ್ಡ ಸಾಧನೆ ಯಾವುದಿದೆ?

ಇದರಲ್ಲಿ ವಿಚಾರಮಾಡತಕ್ಕ ಸಂಗತಿಯೊಂದಿದೆ. ಆ ಮಕ್ಕಳಲ್ಲಿ ಇಲ್ಲದಿದ್ದುದು ದೃಷ್ಟಿ. ಇದ್ದುದು ಕಿವಿ, ಕಂಠ, ಕೈ ಮತ್ತು ನೆನಪು. ಸಮಾಜವು ಇಲ್ಲದುದನ್ನು ನೋಡಿ ಮರುಗಿತು. ಗವಾಯಿಗಳು ಇದ್ದುದನ್ನು ಗುರುತಿಸಿ ಬೆಳೆಸಿದರು. ಓದಿನಲ್ಲಿ ಹಿಂದೆ ಬಿದ್ದವನು, ತಂದೆತಾಯಿಗಳನ್ನು ಕಳೆದುಕೊಂಡವನು, ಬಡತನದಿಂದ ಶಾಲೆಯನ್ನು ಬಿಟ್ಟವನು ಇಂದಿಗೂ ಪ್ರತಿ ಊರಿನಲ್ಲಿದ್ದಾನೆ. ಅವನ ಕೈಗೆ ಒಗ್ಗುವ ಕಸುಬೊಂದು ಎಲ್ಲಿಯೋ ಇದ್ದೇ ಇರುತ್ತದೆ. ಅದು ಮರಗೆಲಸವಾಗಿರಬಹುದು, ಯಂತ್ರ ರಿಪೇರಿಯಾಗಿರಬಹುದು, ನೇಯ್ಗೆಯಾಗಿರಬಹುದು, ಸಂಗೀತವಾಗಿರಬಹುದು. ಅದನ್ನು ಕಂಡುಹಿಡಿದು, ತಾಳ್ಮೆಯಿಂದ ಕಲಿಸಿ, ಅವನು ತನ್ನ ಕಾಲ ಮೇಲೆ ನಿಲ್ಲುವವರೆಗೆ ಜೊತೆಗಿರುವ ಹಿರಿಯರು ಬೇಕು. ಆ ಹಿರಿಯರ ಬೆನ್ನಿಗೆ ಊರು ನಿಲ್ಲಬೇಕು. ಕಾಡಶೆಟ್ಟಿಹಳ್ಳಿಯ ಬಾಲಕನಿಗೆ ಕುಮಾರಸ್ವಾಮಿಗಳು ದೊರೆತರು. ದೇವಗಿರಿಯ ಬಾಲಕನಿಗೆ ಕಾಡಶೆಟ್ಟಿಹಳ್ಳಿಯ ಆ ಬಾಲಕನೇ ಗುರುವಾಗಿ ದೊರೆತನು. ಪಡೆದವನು ಮುಂದಿನವನಿಗೆ ಕೊಡುತ್ತ ಹೋದುದರಿಂದಲೇ ಆ ವಿದ್ಯೆ ಒಂದು ತಲೆಮಾರಿಗೆ ನಿಲ್ಲದೆ ಹರಿದುಬಂದಿತು.