ಎಂಫಿಸೀಮಾ: ಶಸ್ತ್ರವೂ ಕವಾಟವೂ

ಕಳೆದ ಬೇಸಗೆಯ ರಜೆಯಲ್ಲಿ ತಂಬ್ರಹಳ್ಳಿಗೆ ಹೋದಾಗ ನಮ್ಮ ಅಜ್ಜ ಕಟ್ಟೆಯ ಮೇಲೆ ಕುಳಿತು, ಎರಡೂ ಕೈಗಳನ್ನು ಮೊಣಕಾಲಿಗೆ ಊರಿ, ದೀಪವನ್ನು ಆರಿಸುವವರಂತೆ ತುಟಿ ಕೂಡಿಸಿ ಉಸಿರು ಬಿಡುತ್ತಿದ್ದರು. ಒಂದು ಕಾಲಕ್ಕೆ ಬಂಡೆ ರಂಗನಾಥಸ್ವಾಮಿಯ ಗುಡಿಗೆ ಎಲ್ಲಿಯೂ ನಿಲ್ಲದೆ ಹೋಗಿಬರುತ್ತಿದ್ದವರು ಈಗ ಬಚ್ಚಲಿಗೆ ಹೋಗುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿಯುತ್ತಾರೆ. "ಉಸರು ಒಳಗ ಹೋಗ್ತೈತಿ ತಮ್ಮಾ, ಹೊರಗ ಬರಂಗಿಲ್ಲ" ಎಂದರು. ಇತಿಹಾಸದ ವಿದ್ಯಾರ್ಥಿಯಾದ ನಾನು ವೈದ್ಯಶಾಸ್ತ್ರಕ್ಕೆ ಕೈಹಾಕಿದುದನ್ನು ಅಧಿಕಪ್ರಸಂಗವೆಂದು ಗುರುಗಳು ಭಾವಿಸಬಾರದು. ಅಜ್ಜನ ಆ ಒಂದು ಮಾತಿನ ಅರ್ಥವನ್ನು ಹುಡುಕುತ್ತ ಹೋದುದರ ಫಲವಿದು.

ನಮ್ಮ ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಸಣ್ಣ ಗಾಳಿಗೂಡುಗಳುಂಟು. ಅವುಗಳ ಗೋಡೆ ರಬ್ಬರಿನಂತೆ ಹಿಗ್ಗಿ ಕುಗ್ಗಬಲ್ಲದು. ಎಂಫಿಸೀಮಾದಲ್ಲಿ ಈ ಗೋಡೆಗಳು ಒಡೆದು, ಹತ್ತಾರು ಗೂಡುಗಳು ಸೇರಿ ಒಂದು ಸಡಿಲ ಚೀಲವಾಗುತ್ತವೆ. ಚೀಲಕ್ಕೆ ಗಾಳಿ ತುಂಬುತ್ತದೆ. ಅದನ್ನು ಹೊರದೂಡುವ ಬಿಗಿ ಮಾತ್ರ ಉಳಿದಿರುವುದಿಲ್ಲ. ಹಳೆಯ ಗಾಳಿ ಒಳಗೇ ನಿಂತು ಎದೆ ಉಬ್ಬಿ ಪೀಪಾಯಿಯಾಗುತ್ತದೆ, ಕಮಾನಿನಂತಿರಬೇಕಾದ ವಪೆ ಚಪ್ಪಟೆಯಾಗಿ ತನ್ನ ಕೆಲಸವನ್ನೇ ಮರೆಯುತ್ತದೆ. ಅಜ್ಜ ಹೇಳಿದುದು ಅಕ್ಷರಶಃ ನಿಜ.

ಅಜ್ಜನ ಮಟ್ಟಿಗೆ ಕಾರಣ ಬೀಡಿ. ಆದರೆ ಬೀಡಿ ಮುಟ್ಟದ ಹೆಂಗಸರನ್ನೂ ಹೊಗೆ ಬಿಡದು. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಡಾ. ಪಿ. ಎ. ಮಹೇಶ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಹಳ್ಳಿಯ ಹೆಂಗಸರನ್ನು ಕುರಿತು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸುಲಭದ ಲೆಕ್ಕವಿದೆ. ದಿನಕ್ಕೆ ಒಲೆಯ ಮುಂದೆ ಕಳೆದ ಗಂಟೆಗಳನ್ನು ಅಡುಗೆ ಮಾಡಿದ ವರ್ಷಗಳಿಂದ ಗುಣಿಸಬೇಕು. ಗುಣಲಬ್ಧ 60 ಮುಟ್ಟಿದರೆ ದೀರ್ಘಕಾಲದ ಶ್ವಾಸನಾಳದ ಉರಿಯೂತದ ಅಪಾಯ ಕಾಣತೊಡಗುತ್ತದೆ. ಇದು ಎಂಫಿಸೀಮಾದ ಒಡಹುಟ್ಟಿದ ರೋಗ. ನಮ್ಮ ಅಜ್ಜಿ ನಾಲ್ಕು ಗಂಟೆಯಂತೆ ನಲವತ್ತೈದು ವರ್ಷ ಒಲೆ ಊದಿದ್ದಾಳೆ: 180. ಈ ಲೆಕ್ಕವನ್ನು ಓದುಗರು ತಮ್ಮ ಮನೆಯಲ್ಲಿಯೂ ಮಾಡಿ ನೋಡಬಹುದು.

ಇನ್ನು ಚಿಕಿತ್ಸೆ. ಹಾಳಾದ ಶ್ವಾಸಕೋಶದಿಂದ ಇನ್ನಷ್ಟನ್ನು ಕತ್ತರಿಸಿ ತೆಗೆದರೆ ಉಸಿರಾಟ ಸರಾಗವಾಗುವುದೆಂದರೆ ಯಾರಿಗಾದರೂ ನಗು ಬಂದೀತು. ಆದರೂ ಬಾಲ್ಟಿಮೋರಿನ ಓಟೊ ಬ್ರಾಂಟಿಗನ್ 1957ರಲ್ಲಿ ಹೇಳಿದುದು ಇದನ್ನೇ: ಕೆಲಸಕ್ಕೆ ಬಾರದ ಉಬ್ಬಿದ ಭಾಗವನ್ನು ತೆಗೆದರೆ ಉಳಿದ ಭಾಗಕ್ಕೆ ಜಾಗ ಸಿಕ್ಕುತ್ತದೆ, ವಪೆ ಮತ್ತೆ ಕಮಾನಾಗುತ್ತದೆ. ಅವನ ರೋಗಿಗಳಲ್ಲಿ ಸುಮಾರು ಆರಕ್ಕೊಬ್ಬರು ಶಸ್ತ್ರಕ್ರಿಯೆಯ ಬೆನ್ನಲ್ಲೇ ತೀರಿಕೊಂಡರು. ವಿಚಾರ ಮೂಲೆಗೆ ಬಿತ್ತು. 1990ರ ದಶಕದಲ್ಲಿ ಸೇಂಟ್ ಲೂಯಿಸಿನ ಜೋಯೆಲ್ ಕೂಪರ್ ಅದನ್ನು ಮತ್ತೆ ಎತ್ತಿಕೊಂಡು, ಎರಡೂ ಕಡೆ 20ರಿಂದ 30 ಪಾಲು ತೆಗೆದು, ಗಾಳಿ ಸೋರದಂತೆ ಹೊಲಿಗೆಗೆ ದನದ ಹೃದಯದ ಹೊದಿಕೆಯ ಪಟ್ಟಿಯನ್ನು ಸೇರಿಸಿದ.

ಅಮೆರಿಕದಲ್ಲಿ 1,218 ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲ 2003ರಲ್ಲಿ ಹೊರಬಂದಿತು. ಒಟ್ಟಿನಲ್ಲಿ ನೋಡಿದರೆ ಶಸ್ತ್ರದಿಂದ ಆಯುಸ್ಸೇನೂ ಬೆಳೆಯಲಿಲ್ಲ. ಆದರೆ ರೋಗವು ಮುಖ್ಯವಾಗಿ ಮೇಲಿನ ಹಾಲೆಗಳಲ್ಲಿದ್ದು, ನಡೆದಾಡುವ ಶಕ್ತಿ ತೀರ ಕುಗ್ಗಿದವರು ಹೆಚ್ಚು ಕಾಲ ಬದುಕಿದರು. ಅತಿ ದುರ್ಬಲರಾದ ಒಂದು ಗುಂಪಿನಲ್ಲಿ ಮಾತ್ರ ನೂರಕ್ಕೆ 16 ಮಂದಿ ತಿಂಗಳೊಳಗೇ ಸತ್ತದ್ದರಿಂದ ಅಂಥವರನ್ನು 2001ರಲ್ಲಿಯೇ ಕೈಬಿಡಲಾಗಿತ್ತು. ಯಾರಿಗೆ ಮಾಡಬಾರದೆಂಬುದನ್ನು ಕಲಿಸಿದುದೇ ಆ ಪರೀಕ್ಷೆಯ ದೊಡ್ಡ ಉಪಕಾರವೆಂದು ನನಗೆ ತೋರುತ್ತದೆ.

ಕತ್ತರಿಸದೆಯೇ ಅದೇ ಫಲ ಪಡೆಯುವ ಉಪಾಯವೇ ಕವಾಟ. ಸೈಕಲ್ಲಿನ ವಾಲ್‌ಟ್ಯೂಬು ಗಾಳಿಯನ್ನು ಒಳಕ್ಕೆ ಬಿಡುತ್ತದೆ, ಹೊರಕ್ಕೆ ಬಿಡದು. ಇದು ಅದರ ತಿರುಗುಮುರುಗು. ಬಾಯಿಯಿಂದಲೋ ಮೂಗಿನಿಂದಲೋ ದುರ್ಬೀನಿನ ನಳಿಗೆಯನ್ನಿಳಿಸಿ, ಕೆಟ್ಟ ಹಾಲೆಗೆ ಹೋಗುವ ಕವಲುಗಳಲ್ಲಿ ನಾಲ್ಕಾರು ಪುಟ್ಟ ಕವಾಟಗಳನ್ನು ಕೂರಿಸುತ್ತಾರೆ. ಉಸಿರು ಬಿಟ್ಟಾಗಲೆಲ್ಲ ಗಾಳಿ ಹೊರಬರುತ್ತದೆ, ಮತ್ತೆ ಒಳಗೆ ಹೋಗದು. ಹಾಲೆ ಕುಗ್ಗಿ ಮುದುಡುತ್ತದೆ. ಬೇಡವಾದರೆ ತೆಗೆಯಲೂಬಹುದು. ಝೆಫಿರ್, ಸ್ಪಿರೇಷನ್ ಎಂಬ ಎರಡು ಬಗೆಗಳಿಗೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ದೊರೆಯಿತು. ಅದೇ ವರ್ಷ ಪ್ರಕಟವಾದ ಝೆಫಿರ್ ಪರೀಕ್ಷೆಯಲ್ಲಿ ಸುಮಾರು ಅರ್ಧ ಮಂದಿಗೆ ಊದುವ ಶಕ್ತಿ ಗಮನಾರ್ಹವಾಗಿ ಹೆಚ್ಚಿತು; ನೂರಕ್ಕೆ 27 ಮಂದಿಗೆ ಎದೆಗೂಡಿನೊಳಗೆ ಗಾಳಿ ಸೋರುವ ತೊಂದರೆಯೂ ಬಂದಿತು. ಆದುದರಿಂದಲೇ ಕವಾಟ ಹಾಕಿಸಿಕೊಂಡವರನ್ನು ಕೆಲವು ದಿನ ಆಸ್ಪತ್ರೆಯಲ್ಲಿಯೇ ಇಟ್ಟುಕೊಳ್ಳುತ್ತಾರೆ.

ಇಲ್ಲಿ ಒಂದು ಷರತ್ತುಂಟು. ಬಲ ಶ್ವಾಸಕೋಶಕ್ಕೆ ಮೂರು, ಎಡಕ್ಕೆ ಎರಡು ಹಾಲೆ. ಹಾಲೆಗಳ ನಡುವಣ ಬಿರುಕು ಪೂರ್ತಿಯಾಗಿರಬೇಕು. ಇಲ್ಲವಾದರೆ ಪಕ್ಕದ ಹಾಲೆಯಿಂದ ಗಾಳಿ ನುಸುಳಿ ಬಂದು, ಕವಾಟವಿದ್ದೂ ಹಾಲೆ ಉಬ್ಬಿಯೇ ಇರುತ್ತದೆ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಂತೆ!

ಯಾರದೋ ಬಾಯಿಂದ ಕವಾಟದ ಸುದ್ದಿ ಕೇಳಿ, ಅಪ್ಪ ಎರಡೆಕರೆ ಹೊಲ ಮಾರಲು ಗಿರಾಕಿಯನ್ನು ಗೊತ್ತುಮಾಡಿದ್ದರು. ವೈದ್ಯರು ಸಿ.ಟಿ. ಚಿತ್ರವನ್ನು ಬೆಳಕಿಗೆ ಹಿಡಿದು, ಅಜ್ಜನ ಬಿರುಕುಗಳು ಅರ್ಧಕ್ಕೇ ನಿಂತಿರುವುದನ್ನೂ ರೋಗ ಎಲ್ಲ ಹಾಲೆಗಳಲ್ಲಿ ಸಮನಾಗಿ ಹರಡಿರುವುದನ್ನೂ ತೋರಿಸಿದರು. ಕವಾಟವೂ ಹೊಂದದು, ಶಸ್ತ್ರವೂ ಹೊಂದದು. ಬೀಡಿ ಬಿಡುವುದು, ಸೇದುವ ಔಷಧಿ, ದಿನವೂ ಅಳತೆಯ ನಡಿಗೆ, ಇಷ್ಟನ್ನೇ ಬರೆದುಕೊಟ್ಟರು. ಹಿಂದಿರುಗುವಾಗ ಬಸ್ಸಿನಲ್ಲಿ ಅಪ್ಪ ಒಂದು ಮಾತನ್ನೂ ಆಡಲಿಲ್ಲ. ಅಜ್ಜನೇ, "ಹೊಲ ಉಳೀತು ಬಿಡಪ" ಎಂದರು.

ಈಗ ಅವರು ಬೀಡಿ ಬಿಟ್ಟು ಏಳು ತಿಂಗಳಾಯಿತು. ಬೆಳಿಗ್ಗೆ ಮನೆಯಿಂದ ಹುಣಿಸೆಮರದವರೆಗೆ ನಡೆಯುತ್ತಾರೆ; ಮೊದಲು ನಾಲ್ಕು ಕಡೆ ನಿಲ್ಲುತ್ತಿದ್ದವರು ಈಗ ಎರಡು ಕಡೆ ನಿಲ್ಲುತ್ತಾರೆ.